ಹೆಡ್‌ಫೋನ್ ಹುಡುಗಿ ಮತ್ತು ಕಾಣೆಯಾದ ಒತ್ತು

ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಮೊದಲ ಸಾಲು ಎಂದಿನಂತೆ ಖಾಲಿ ಇದೆ.

ನಿನ್ನೆ ನೀವು ಕೊಟ್ಟ 14 ಮುಖಪುಟಗಳನ್ನು ರಾತ್ರಿ ಊಟ ಮುಗಿಸಿ ನೆಲದ ಮೇಲೆ ಹರಡಿಕೊಂಡು ನೋಡಿದೆ. ಕೆಲಸ ಇಷ್ಟೇ ಇತ್ತು: 16ರಿಂದ 20 ವರ್ಷದವರಿಗೆ ಕನ್ನಡದಲ್ಲಿ ಒಂದು ಸಂಗೀತ ಪತ್ರಿಕೆ ಬಂದರೆ ಅದರ ಮುಖಪುಟ ಹೇಗಿರಬೇಕು? 9 ಮುಖಪುಟಗಳಲ್ಲಿ ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಹುಡುಗಿ ಇದ್ದಾಳೆ. 6ರಲ್ಲಿ ಗಿಟಾರ್. 11ರಲ್ಲಿ ಹಿನ್ನೆಲೆ ಕಪ್ಪು, ಅದರ ಮೇಲೆ ಗುಲಾಬಿ, ನೀಲಿ ಬೆಳಕು. ನಿಮ್ಮಲ್ಲಿ ಜಾಸ್ತಿ ಜನರಿಗೆ 19 ವರ್ಷ. ಅಂದರೆ ನಿಮ್ಮನ್ನೇ ನೀವು ತೋರಿಸಬೇಕಿತ್ತು. ಆದರೆ ನಿಮ್ಮಲ್ಲಿ ಹೆಚ್ಚಿನವರು ಅದೇ ಒಬ್ಬಳನ್ನು ತೋರಿಸಿದ್ದೀರಿ, ಅವಳು ಈ ಕ್ಲಾಸಿನಲ್ಲೇ ಇಲ್ಲ!

ಸುಮ್ನೆ ಕೇಳುತ್ತೇನೆ, ಅಷ್ಟು ದೊಡ್ಡ ಹೆಡ್‌ಫೋನ್ ಇರುವವರು ಕೈ ಎತ್ತಿ. ಇಬ್ಬರು. ಬಸ್ಸಿನಲ್ಲಿ ಒಂದೇ ಇಯರ್‌ಫೋನನ್ನು ಗೆಳತಿಯ ಜೊತೆ ಹಂಚಿಕೊಂಡು ಕೇಳಿದವರು? ಹಾಂ, ಈಗ ನೋಡಿ ಎಷ್ಟು ಕೈ!

ಈ ಪ್ರಾಜೆಕ್ಟ್ ನಾನು ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನಲ್ಲಿ ಮಾಧ್ಯಮ ಓದುವ, ನಿಮಗಿಂತ ಸ್ವಲ್ಪ ಚಿಕ್ಕ ಮಕ್ಕಳಿಗೆ ವರ್ಷಗಟ್ಟಲೆ ಇದನ್ನೇ ಕೊಡುತ್ತಿದ್ದರು. ಹೊಸ ಸಂಗೀತ ಪತ್ರಿಕೆಯೊಂದರ ಮುಖಪುಟ, ಪರಿವಿಡಿ, ಎದುರುಬದುರು ಎರಡು ಪುಟದ ಲೇಖನ. ಫೋಟೋ ಅವರೇ ತೆಗೆಯಬೇಕು, ಇಂಟರ್ನೆಟ್ಟಿನಿಂದ ಇಳಿಸುವಂತಿಲ್ಲ. ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ನಿಮ್ಮ ಪತ್ರಿಕೆ ಯಾವ ಬಗೆಯ ಜನರನ್ನು ಹೇಗೆ ತೋರಿಸುತ್ತದೆ? ಅಲ್ಲಿಗೆ ಬಂದಾಗ ಹೆಚ್ಚಿನವರ ಪೆನ್ನು ನಿಲ್ಲುತ್ತದೆ. ನಿಮ್ಮದೂ ನಿಂತಿದೆ. ಮುಖಪುಟದ ಜೊತೆ ಇದೇ ಪ್ರಶ್ನೆಗೆ ನೀವು ಬರೆದುಕೊಟ್ಟ ಉತ್ತರದ ಹಾಳೆಗಳನ್ನೂ ನೋಡಿದೆ.

ಅದೇ ದೇಶದ ಒಂದು ಹಳೆಯ ಪತ್ರಿಕೆಯ ಕಥೆ ಹೇಳುತ್ತೇನೆ. ಅದರ ಹೆಸರು ಸ್ಮ್ಯಾಶ್ ಹಿಟ್ಸ್. 1978ರಲ್ಲಿ ಶುರುವಾಯಿತು. ಶುರು ಮಾಡಿದವರು ನಿಕ್ ಲೋಗನ್. ಅವರು ಅದಕ್ಕೂ ಮೊದಲು ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಎಂಬ ವಾರಪತ್ರಿಕೆಯ ಸಂಪಾದಕರಾಗಿದ್ದರು. ಆ ವಾರಪತ್ರಿಕೆ ನ್ಯೂಸ್‌ಪ್ರಿಂಟ್ ಕಾಗದದ್ದು. ಮುಟ್ಟಿದರೆ ಕೈಗೆ ಮಸಿ. ಉದ್ದುದ್ದ ಲೇಖನ, ಬುದ್ಧಿವಂತರ ಜಗಳ. ಓದುವವರು ಬಹುಪಾಲು ಯುವಕರು. ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ಪಾಪ್ ಹಾಡು ಇಷ್ಟಪಟ್ಟರೆ ಅವಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಅವಳನ್ನು ಕಂಡರೆ ಆ ಬರಹಗಾರರಿಗೆ ಒಂಥರಾ ತಾತ್ಸಾರ.

ಲೋಗನ್ ಈ ಹೊಸ ಪತ್ರಿಕೆಯಲ್ಲಿ ಏನು ಹಾಕಿದರು ಗೊತ್ತಾ? ಹಾಡಿನ ಸಾಹಿತ್ಯ. ಹೊಳೆಯುವ ಕಾಗದ, ಬಣ್ಣದ ಫೋಟೋ, ಪಕ್ಕದಲ್ಲಿ ಆ ಹೊತ್ತಿಗೆ ಎಲ್ಲರ ಬಾಯಲ್ಲಿದ್ದ ಹಾಡಿನ ಪೂರ್ತಿ ಸಾಲುಗಳು. ಇಷ್ಟೇ ತಾನೇ ಅನಿಸಬಹುದು. ಆದರೆ ಆಗ ರೇಡಿಯೋದಲ್ಲಿ ಹಾಡು ಒಮ್ಮೆ ಬಂದರೆ ಬಂತು, ಹಿಂದಕ್ಕೆ ಓಡಿಸಿ ಕೇಳುವಂತಿಲ್ಲ. ಎರಡನೇ ಸಾಲು ಸರಿಯಾಗಿ ಕೇಳಿಸದೆ ಏನೋ ಒಂದು ಸೇರಿಸಿ ಹಾಡಿಕೊಂಡು, ಶಾಲೆಯಲ್ಲಿ ನಗೆಪಾಟಲಾದ ಮಕ್ಕಳೇ ಆ ಪತ್ರಿಕೆಯ ಓದುಗರು.

ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. ಟೆಂಟ್ ಸಿನಿಮಾದ ಹೊರಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ತೆಳ್ಳನೆಯ ಕಾಗದ, ಮೇಲೆ ನಾಯಕ ನಾಯಕಿ, ಒಳಗೆ ಅರ್ಧ ಕಥೆ, ಆಮೇಲೆ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’, ಉಳಿದ ಪುಟಗಳಲ್ಲಿ ಹಾಡು. ನಮ್ಮಮ್ಮ ಅಂಥವನ್ನು ಒಂದರ ಮೇಲೊಂದು ಇಟ್ಟು ದಾರದಲ್ಲಿ ಹೊಲಿದಿಟ್ಟಿದ್ದರು. ಆ ಪುಸ್ತಕಗಳ ವಿನ್ಯಾಸ ಯಾರು ಮಾಡಿದರೋ, ಯಾವ ಕಾಲೇಜಿನಲ್ಲೂ ಕಲಿತವರಿರಲಿಕ್ಕಿಲ್ಲ. ಆದರೆ ಕೊಂಡವರು ಅದನ್ನು ಇಟ್ಟುಕೊಂಡು ಏನು ಮಾಡುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. ಹಾಡುತ್ತಾರೆ. ಮಡಚಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಅದಕ್ಕೆ ಸರಿಯಾದ ಅಳತೆ, ಸರಿಯಾದ ಬೆಲೆ.

ಸ್ಮ್ಯಾಶ್ ಹಿಟ್ಸ್ ಕೂಡ ಹಾಗೆಯೇ. ಓದಿ ಮಡಚಿಡುವ ಪತ್ರಿಕೆ ಅದಲ್ಲ. ಹರಿದು ಗೋಡೆಗೆ ಅಂಟಿಸುವ, ಕತ್ತರಿಸಿ ನೋಟ್‌ಬುಕ್ಕಿಗೆ ಹಚ್ಚುವ ಪತ್ರಿಕೆ. ಇಂಥದ್ದಕ್ಕೆ ನಡುಪುಟದ ಪೋಸ್ಟರ್ ಮಾಡುವಾಗ ಒಂದು ವಿಷಯ ನೆನಪಿರಲಿ: ಪುಟಗಳನ್ನು ಹಿಡಿದಿಡುವ ಪಿನ್ನು ಎಲ್ಲಿ ಬೀಳುತ್ತದೆ? ಗಾಯಕನ ಮುಖ ಸರಿಯಾಗಿ ಮಧ್ಯದಲ್ಲಿಟ್ಟರೆ ಪಿನ್ನು ಮೂಗಿಗೆ ಹೊಡೆಯುತ್ತದೆ. ಮುಖವನ್ನು ಒಂದು ಪಕ್ಕಕ್ಕೆ ಸರಿಸಿ. ಹಿಂಬದಿಯ ಪುಟದಲ್ಲಿ ಮುಖ್ಯವಾದ ಲೇಖನ ಹಾಕಬೇಡಿ, ಪೋಸ್ಟರ್ ಗೋಡೆಗೆ ಹೋದರೆ ಲೇಖನವೂ ಗೋಡೆಗೆ.

ಇನ್ನು ಭಾಷೆ. ಪತ್ರಿಕೆಗೆ ದೊಡ್ಡ ಹೆಸರು ಬಂದದ್ದು ಅದರ ತಲೆಹರಟೆಯಿಂದ. ನೀಲ್ ಟೆನೆಂಟ್ 1982ರಲ್ಲಿ ಅಲ್ಲಿ ಸೇರಿದರು. ಅದಕ್ಕೂ ಮೊದಲೇ, 1981ರಲ್ಲಿ, ಪೆಟ್ ಶಾಪ್ ಬಾಯ್ಸ್ ಎಂಬ ಪಾಪ್ ಜೋಡಿ ಕಟ್ಟಿಕೊಂಡಿದ್ದ ಅವರು ಆಮೇಲೆ ತಾವೇ ಪಾಪ್ ತಾರೆಯಾದರು. ಇಂಟರ್‌ವ್ಯೂ ಅಂದರೆ ನಿಮ್ಮ ಸ್ಫೂರ್ತಿ ಯಾರು, ಮುಂದಿನ ಯೋಜನೆ ಏನು ಅಂತ ಕೇಳುವುದಲ್ಲ. ಮಂಗಳವಾರದ ಬಣ್ಣ ಯಾವುದು ಅಂತ ಕೇಳುವುದು! ದೊಡ್ಡ ದೊಡ್ಡ ಗಾಯಕರಿಗೆಲ್ಲ ಅಡ್ಡಹೆಸರು ಇಟ್ಟಿದ್ದರು. 1987ರ ಚುನಾವಣೆಯ ಹೊತ್ತಿಗೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರನ್ನೂ ಪತ್ರಿಕೆಯ ಟಾಮ್ ಹಿಬರ್ಟ್ ಹೋಗಿ ಮಾತಾಡಿಸಿದರು. ಹಿಂದಿನ ಬೆಂಚಿನಲ್ಲಿ ಕೂತವರು ಮೇಷ್ಟ್ರ ಬಗ್ಗೆ ಹೇಗೆ ಮಾತಾಡುತ್ತಾರೋ ಆ ದನಿ ಪತ್ರಿಕೆಯ ತುಂಬಾ ಇತ್ತು. ಓದುಗರನ್ನು ‘ಯುವಜನರೇ’ ಅಂತ ಕರೆಯಲಿಲ್ಲ. 80ರ ದಶಕದ ಕೊನೆಗೆ ಮಾರಾಟ ಹತ್ತು ಲಕ್ಷದ ಹತ್ತಿರ ಹೋಗಿತ್ತು. 2006ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸಾಹಿತ್ಯ, ಫೋಟೋ, ತಲೆಹರಟೆ ಮೂರೂ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತಿತ್ತು.

ನಿಮ್ಮ ಮುಖಪುಟಗಳ ಸಾಲುಗಳನ್ನು ಓದುತ್ತೇನೆ. ‘ಯುವ ಪ್ರತಿಭೆಗಳ ಸ್ವರಯಾನ.’ ‘ನಾದಲೋಕದ ನವತಾರೆಗಳು.’ ಯಾರು ಬರೆದದ್ದು ಅಂತ ಕೇಳುವುದಿಲ್ಲ. ಆದರೆ ಕ್ಯಾಂಟೀನಿನಲ್ಲಿ ನೀವು ಯಾವತ್ತಾದರೂ ‘ಮಚ್ಚಾ, ಆ ನವತಾರೆ ನೋಡಿದ್ಯಾ’ ಅಂದಿದ್ದೀರಾ?

ಲೋಗನ್ 1980ರಲ್ಲಿ ದ ಫೇಸ್ ಅಂತ ಇನ್ನೊಂದು ಪತ್ರಿಕೆ ತಂದರು, ಸ್ವಲ್ಪ ದೊಡ್ಡವರಿಗೆ. ಅದಕ್ಕೆ ನೆವಿಲ್ ಬ್ರೋಡಿ ಹೊಸ ಹೊಸ ಅಕ್ಷರಗಳನ್ನು ಕೈಯಲ್ಲೇ ಬರೆದರು. ಊರಿಗೆಲ್ಲ ಅದೇ ಫ್ಯಾಷನ್ ಆಯಿತು, ಅಂಗಡಿ ಜಾಹೀರಾತಿನಲ್ಲೂ ಅದೇ ಅಕ್ಷರದ ನಕಲು. ಬ್ರೋಡಿ ಮುಂದಿನ ಪತ್ರಿಕೆಗೆ ಹೆಲ್ವೆಟಿಕಾ ಅನ್ನುವ ತೀರಾ ಸಾದಾ ಅಕ್ಷರ ಹಿಡಿದರು. ಎಲ್ಲರೂ ಕಪ್ಪು ಹಿನ್ನೆಲೆ ಹಾಕುವಾಗ ಬಿಳಿ ಹಾಕಬಹುದು ಅಂತ ಹೇಳಲಿಕ್ಕೆ ಈ ಕಥೆ, ಅಷ್ಟೇ.

ಈಗ ಕನ್ನಡಕ್ಕೆ ಬರೋಣ. ಇಂಗ್ಲಿಷ್ ಪತ್ರಿಕೆಗಳಲ್ಲಿ ಒಂದು ಚಾಳಿ ಇದೆ. ಗಾಯಕನ ತಲೆ ಪತ್ರಿಕೆಯ ಹೆಸರಿನ ಮೇಲೆ ಬರುತ್ತದೆ, ನಾಲ್ಕೈದು ಅಕ್ಷರ ಅರ್ಧರ್ಧ ಮುಚ್ಚಿಹೋಗುತ್ತವೆ. ಆದರೂ ಓದಲಿಕ್ಕೆ ತೊಂದರೆ ಇಲ್ಲ. ಇಂಗ್ಲಿಷ್ ಅಕ್ಷರದ ಮೇಲರ್ಧ ಕಂಡರೆ ಸಾಕು, ಗುರುತು ಸಿಗುತ್ತದೆ. ಕನ್ನಡದಲ್ಲಿ ಉಲ್ಟಾ. ಮೇಲೆ ಏನಿದೆ? ಬಹಳಷ್ಟು ಅಕ್ಷರಕ್ಕೆ ಅದೇ ತಲೆಕಟ್ಟು. ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ, ಕಾಲಲ್ಲಿ. ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಚಿಕ್ಕ ಗೀಟಿನಿಂದ. ಪ, ಫ ಕೂಡ ಹಾಗೇ. ಒತ್ತಕ್ಷರವಂತೂ ಪೂರ್ತಿ ಕೆಳಗೇ ನೇತಾಡುತ್ತದೆ.

ನಾನಿದನ್ನು ಕಲಿತದ್ದು ಏಟು ತಿಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವಿಶೇಷಾಂಕದ ಮುಖಪುಟ ಮಾಡಿದೆ, ‘ಹಾಡುಹಬ್ಬ’ ಅಂತ. ಗಾಯಕಿಯ ಗುಂಗುರು ಕೂದಲು ಚೆನ್ನಾಗಿ ಬಂದಿತ್ತು, ಹೆಸರಿನ ಮೇಲೆ ಹಾಯಿಸಿದೆ. ಪ್ರಿಂಟಾಗಿ ಬಂತು. ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯವರು ಎತ್ತಿ ನೋಡಿ, ‘ಹಾಡು ಹಬ ಅಂದ್ರೇನು ಸಾರ್, ಚೆನ್ನೈ ಕಡೇದಾ?’ ಅಂದರು. ಒತ್ತು ಕೂದಲಲ್ಲಿ ಸಿಕ್ಕಿಕೊಂಡಿತ್ತು.

ಇನ್ನೊಂದು. ಇಂಗ್ಲಿಷಿನಲ್ಲಿ ಕೂಗಬೇಕೆಂದರೆ ಎಲ್ಲ ದೊಡ್ಡಕ್ಷರ ಹಾಕುತ್ತಾರೆ. ನಮಗೆ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಅದಕ್ಕೆ ನೀವು ದಪ್ಪ ಮಾಡಿದ್ದೀರಿ. ಕನ್ನಡ ಅಕ್ಷರ ದುಂಡಗಿನದು, ತೀರಾ ದಪ್ಪ ಮಾಡಿದರೆ ಒಳಗಿನ ಖಾಲಿ ಜಾಗ ಮುಚ್ಚಿ ಇಡ್ಲಿ ಥರ ಆಗುತ್ತದೆ. ಕೂಗಬೇಕೆಂದರೆ ಅಳತೆ ದೊಡ್ಡದು ಮಾಡಿ, ಸುತ್ತ ಜಾಗ ಬಿಡಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ.

ಹಾಡಿನ ಸಾಹಿತ್ಯ ಹಾಕುವವರಿಗೆ ಒಂದು ಮಾತು. ಚಂದನ್ ಶೆಟ್ಟಿ, ಆಲ್ ಓಕೆ ಇವರ ರ್‍ಯಾಪ್ ಕೇಳುತ್ತೀರಲ್ಲ? ಅದನ್ನು ಕಾಲಮ್ಮಿಗೆ ತುಂಬುವಾಗ ಜಾಗ ಮುಗಿದ ಕಡೆ ಸಾಲು ಮುರಿಯಬೇಡಿ. ಅವರು ಉಸಿರು ಎಳೆದುಕೊಳ್ಳುವ ಕಡೆ ಮುರಿಯಿರಿ. ಓದಿದವರು ಹಾಗೇ ಹಾಡಬಹುದು. ಒಮ್ಮೆ ಜೋರಾಗಿ ಹಾಡಿ ನೋಡಿ, ಪಕ್ಕದವರು ಬೈದರೂ ಪರವಾಗಿಲ್ಲ.

ಕಡೆಯದಾಗಿ ಈ ಒಂದು ಮುಖಪುಟ. ನಿಮ್ಮ 14ರಲ್ಲೇ ಇತ್ತು. ಸಾರಿಗೆ ಬಸ್ಸಿನ ಕಿಟಕಿ ಸೀಟು. ಇಬ್ಬರು ಹುಡುಗಿಯರು, ಒಂದು ಇಯರ್‌ಫೋನ್. ಒಬ್ಬಳು ಇನ್ನೊಬ್ಬಳ ಭುಜದ ಮೇಲೆ ನಿದ್ದೆ ಹೋಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ. ಎಚ್ಚರ ಇರುವವಳ ಕೈಯಲ್ಲಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಗಿಟಾರ್ ಇಲ್ಲ, ಬಣ್ಣದ ದೀಪ ಇಲ್ಲ. ಮೊಬೈಲಿನಲ್ಲಿ ತೆಗೆದ ಫೋಟೋ. ಅವರು ಯಾವ ಹಾಡು ಕೇಳುತ್ತಿದ್ದಾರೆ ಅಂತ ನನಗೆ ಕುತೂಹಲ ಬಂತು, ಪುಟ ತಿರುಗಿಸಿದೆ. ಹಿಂದೆ ಏನೂ ಇರಲಿಲ್ಲ, ಬರೀ ಮುಖಪುಟ ತಾನೇ ಕೇಳಿದ್ದು ನಾನು.

ಇದು ಯಾರದ್ದು? ನಿಮ್ಮದಾ? ಬನ್ನಿ ಇಲ್ಲಿ. ಪತ್ರಿಕೆಯ ಹೆಸರು ‘ಸದ್ದು’ ತಾನೇ? ನೋಡಿ, ಇವಳ ತಲೆ ಸರಿಯಾಗಿ ಒತ್ತಿನ ಮೇಲೆ ಬಂದು ಕೂತಿದೆ. ‘ಸದು’ ಆಗಿದೆ. ಫೋಟೋ ಕೆಳಗಿಳಿಸಿದರೆ ಟಿಕೆಟ್ ಹಿಡಿದ ಕೈ ಕತ್ತರಿಸಿಹೋಗುತ್ತದೆ, ಅದು ಬೇಡ. ಹೆಸರನ್ನೇ ಒಂದಿಷ್ಟು ಚಿಕ್ಕದು ಮಾಡಿ ಎಡಕ್ಕೆ ತಳ್ಳೋಣ, ಕಿಟಕಿಯ ಆಕಾಶ ಖಾಲಿ ಇದೆಯಲ್ಲ. ಲ್ಯಾಪ್‌ಟಾಪ್ ತಂದಿದ್ದೀರಾ? ಪರದೆಗೆ ಹಾಕಿ.