18 ಸೆಕೆಂಡಿನ ಹಸಿರು, 30 ಸೆಕೆಂಡಿನ ರಸ್ತೆ

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಆರು ಪಥಗಳ ಒಂದು ರಸ್ತೆ, ಅದಕ್ಕೆ ಅಡ್ಡಲಾಗಿ ಮಾಸಿಹೋದ ಜೀಬ್ರಾ ಪಟ್ಟೆಗಳು, ಆಚೆ ಬದಿಯ ಕಂಬದಲ್ಲಿ ಕೆಂಪಾಗಿ ಉರಿಯುತ್ತಿರುವ ಪಾದಚಾರಿ ದೀಪ. ಗುಂಡಿ ಒತ್ತಿದ್ದನ್ನೂ ಎರಡೂ ಕಡೆ ನೋಡಿದ್ದನ್ನೂ ನಾನು ಬಿಡಿಸಿ ಹೇಳುವುದಿಲ್ಲ, ಅದು ನಿಮಗೆ ಕಾಣುತ್ತಲೇ ಇದೆ. ಇಂದು ನನ್ನ ಜೊತೆ ದೊಡ್ಡಮ್ಮ ಇದ್ದಾರೆ. ಅವರಿಗೆ 74 ವರ್ಷ, ಕೈಯಲ್ಲಿ ಊರುಗೋಲಿದೆ, ನಡೆಯುವುದೆಂದರೆ ಅವರಿಗೆ ಇಂದಿಗೂ ಇಷ್ಟ. ಈ ರಸ್ತೆಯನ್ನು ನಾನು ಒಬ್ಬನೇ ಎಷ್ಟೋ ಸಲ ದಾಟಿದ್ದೇನೆ. ಒಮ್ಮೆಯೂ ಇದರ ಬಗ್ಗೆ ಯೋಚಿಸಿದ್ದಿಲ್ಲ. ಅವರ ಜೊತೆ ಒಂದೇ ಒಂದು ಸಲ ದಾಟಿದ ಮೇಲೆ ಬೇರೆ ಯಾವುದನ್ನೂ ಯೋಚಿಸಲು ಸಾಧ್ಯವಾಗಿಲ್ಲ.

ಹಸಿರು ಬಂತು, ನೋಡಿ. ದೊಡ್ಡಮ್ಮ ತಕ್ಷಣ ಹೊರಡಲಿಲ್ಲ. ಮೊದಲು ಊರುಗೋಲನ್ನು ಅಂಚುಕಲ್ಲಿನಿಂದ ಕೆಳಗಿಳಿಸಿದರು, ಅದು ನೆಲದಲ್ಲಿ ಗಟ್ಟಿಯಾಗಿ ನಿಂತಿದೆಯೇ ಎಂದು ಒತ್ತಿ ನೋಡಿದರು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಇಷ್ಟಕ್ಕೆ 2 ಸೆಕೆಂಡು ಹೋಯಿತು. ಅಂಚುಕಲ್ಲನ್ನು ಇಳಿಜಾರು ಮಾಡಿದ್ದರೆ ಈ 2 ಸೆಕೆಂಡು ಉಳಿಯುತ್ತಿತ್ತು. ಮೊದಲ ಪಥ, ಎರಡನೆಯ ಪಥ, ಮೂರನೆಯ ಪಥ ದಾಟಿದೆವು. ನಡುವಿನ ಡಿವೈಡರ್ ಎಂಬುದು ಒಂದು ಅಡಿ ಅಗಲದ ಕಾಂಕ್ರೀಟ್ ದಿಮ್ಮಿ; ಪಟ್ಟೆಗಳಿರುವಲ್ಲಿ ಅದನ್ನು ಕಡಿದು ದಾರಿ ಬಿಟ್ಟಿದ್ದಾರೆ, ಆದರೆ ನಿಲ್ಲುವುದಕ್ಕೆ ಜಾಗ ಬಿಟ್ಟಿಲ್ಲ. ಕಡಿದ ಆ ಜಾಗದ ಬಿರುಕಿನಲ್ಲಿ ಊರುಗೋಲಿನ ರಬ್ಬರ್ ತುದಿ ಸಿಕ್ಕಿಕೊಂಡಿತು. ದೊಡ್ಡಮ್ಮ ಎಳೆದರು. ಕೋಲು ಬಂತು, ರಬ್ಬರ್ ಅಲ್ಲೇ ಉಳಿಯಿತು. ಅವರು ಬಗ್ಗಿ ಅದನ್ನು ನೋಡುತ್ತಿರುವಾಗ ಎದುರಿನ ಹಸಿರು ದೀಪ ಮಿನುಗಿ ಕೆಂಪಾಯಿತು.

ಈ ಭಾಗವನ್ನು ನಾನು ಕತ್ತರಿಸದೆ ಪೂರ್ತಿ ಇಟ್ಟಿದ್ದೇನೆ. ಎದುರಿನ ಮೂರೂ ಪಥಗಳಲ್ಲಿ ಎಂಜಿನ್‌ಗಳ ಸದ್ದು ಒಮ್ಮೆಗೇ ಏರಿದ್ದು ಕೇಳಿಸುತ್ತದೆ. ಹತ್ತಿರದ ಪಥದ ಕಾರು ನಮ್ಮನ್ನು ನೋಡಿ ನಿಂತಿತು. ಅದರ ಪಕ್ಕದಿಂದ ಒಂದು ಬೈಕು ನುಗ್ಗಿ ನಮ್ಮ ಮುಂದೆ ಒಂದು ಮಾರಿನಷ್ಟು ಅಂತರದಲ್ಲಿ ಹಾದುಹೋಯಿತು. ನಾನು ದೊಡ್ಡಮ್ಮನ ತೋಳು ಹಿಡಿದು "ಬೇಗ" ಎಂದೆ. ಅವರು ಹೇಳಿದ್ದು ಮೈಕಿನಲ್ಲಿ ಸ್ಪಷ್ಟವಾಗಿದೆ: "ಓಡು ಅನ್ನಬೇಡ ಮಗು, ಓಡೋ ಕಾಲು ನನಗಿಲ್ಲ." ನಾನು ಹಾಗೆ ಹೇಳಬಾರದಿತ್ತು. ನಡುರಸ್ತೆಯಲ್ಲಿ ಸಿಕ್ಕಿಕೊಂಡ ಮುದಿಜೀವಕ್ಕೆ ಅವಸರ ಮಾಡುವುದೆಂದರೆ ಬೀಳಿಸುವುದೇ. ಹಿಂದಕ್ಕೆ ತಿರುಗುವುದು ಅದಕ್ಕಿಂತಲೂ ಅಪಾಯ, ಏಕೆಂದರೆ ನಾವು ಮುಂದೆ ಸಾಗುತ್ತೇವೆಂದು ಲೆಕ್ಕ ಹಾಕಿಕೊಂಡ ಚಾಲಕ ನಾವು ಬಿಟ್ಟುಹೋದ ಜಾಗದ ಕಡೆಗೇ ವಾಹನ ತಿರುಗಿಸಿರುತ್ತಾನೆ. ನಿಂತಲ್ಲೇ ನಿಂತೆವು, ನಾನು ಕೈ ಎತ್ತಿ ಹಿಡಿದೆ, ಮೂರೂ ಪಥಗಳು ನಿಂತದ್ದು ಕಣ್ಣಿಗೆ ಕಂಡ ಮೇಲೆಯೇ ಮುಂದೆ ಹೆಜ್ಜೆ ಇಟ್ಟೆವು. ಆ ರಬ್ಬರ್ ತುದಿಯ ಮೇಲೆ ಮರುಕ್ಷಣವೇ ಒಂದು ಲಾರಿಯ ಚಕ್ರ ಹಾದುಹೋದದ್ದು ದೃಶ್ಯದ ಎಡ ಮೂಲೆಯಲ್ಲಿ ಕಾಣುತ್ತದೆ.

ಆಚೆ ಬದಿಗೆ ಬಂದು ಕುಳಿತ ಮೇಲೆ ನಾನು ಲೆಕ್ಕ ಹಾಕಿದೆ. ಒಂದು ಪಥ ಸುಮಾರು 3.5 ಮೀಟರ್ ಎಂದರೆ ಆರು ಪಥಗಳಿಗೆ 21 ಮೀಟರ್. ಪಾದಚಾರಿಗಳಿಗೆ ಸಿಗ್ನಲ್ ಕೊಡುವ ಸಮಯ, ಹಸಿರೂ ಮಿನುಗುವ ಹಸಿರೂ ಸೇರಿ, 18 ಸೆಕೆಂಡು. ಇದು ಯಾರೋ ಮನಸ್ಸಿಗೆ ಬಂದಂತೆ ಇಟ್ಟ ಸಂಖ್ಯೆಯಲ್ಲ. ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬುದು ಸಿಗ್ನಲ್ ಎಂಜಿನಿಯರುಗಳು ಬಹಳ ಕಾಲದಿಂದ ಬಳಸುತ್ತಿರುವ ಅಳತೆ, 21 ಮೀಟರನ್ನು ಅದರಿಂದ ಭಾಗಿಸಿದರೆ ಹದಿನೇಳೂವರೆ ಸೆಕೆಂಡು ಬರುತ್ತದೆ. ದೊಡ್ಡಮ್ಮನನ್ನು ಫುಟ್‌ಪಾತಿನ ಮೇಲೆ 10 ಮೀಟರ್ ನಡೆಸಿ ಗಡಿಯಾರ ಹಿಡಿದೆ. 14 ಸೆಕೆಂಡು ಬೇಕಾಯಿತು, ಅಂದರೆ ಸೆಕೆಂಡಿಗೆ ಸುಮಾರು 0.7 ಮೀಟರ್. ಅವರಿಗೆ ಈ ರಸ್ತೆ 30 ಸೆಕೆಂಡಿನದು. ಕೆಳಗಿಳಿಯಲು ಹೋದ 2 ಸೆಕೆಂಡು ಕಳೆದರೆ, ಸಿಗ್ನಲ್ ಮುಗಿಯುವ ಹೊತ್ತಿಗೆ ಅವರು ತಲುಪಬಹುದಾದದ್ದು ಸುಮಾರು 11 ಮೀಟರ್, ಸರಿಯಾಗಿ ಡಿವೈಡರಿನ ಬುಡ. ರಬ್ಬರ್ ಸಿಕ್ಕಿಕೊಳ್ಳದಿದ್ದರೂ ದೊಡ್ಡಮ್ಮ ಅಲ್ಲಿಯೇ ಸಿಕ್ಕಿಬೀಳುತ್ತಿದ್ದರು. ಅವರು ಮಾಡಿದ ತಪ್ಪು ಏನೂ ಇಲ್ಲ. ಅವರಿಗೆ 12 ಸೆಕೆಂಡು ಕಡಿಮೆ ಕೊಟ್ಟಿದ್ದಾರೆ, ಅಷ್ಟೆ.

ಈ ಅಳತೆಯನ್ನು ತಿದ್ದಲಾಗದು ಎಂದೇನೂ ಇಲ್ಲ. ಅಮೆರಿಕದ ಸಂಚಾರ ಸಿಗ್ನಲ್ ಕೈಪಿಡಿ 2009ರಲ್ಲಿ ನಡಿಗೆಯ ವೇಗವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿತು. ದೊಡ್ಡಮ್ಮನಿಗೆ ಅದೂ ಸಾಲದು, ಆದರೆ ದಿಕ್ಕು ಸರಿಯಾಗಿದೆ.

ಇಲ್ಲಿ ಕ್ಯಾಮೆರಾ ಸಿಗ್ನಲ್ ಕಂಬದ ಮೇಲೆ ಸ್ವಲ್ಪ ಹೊತ್ತು ನಿಂತಿದೆ, ಅಷ್ಟರಲ್ಲಿ ಈ ಕಂಬದ ಪೂರ್ವಜರ ಬಗ್ಗೆ ಎರಡು ಮಾತು ಹೇಳಬೇಕು. ಜಗತ್ತಿನ ಮೊದಲ ಸಂಚಾರ ಸಿಗ್ನಲ್ ಬಂದದ್ದು ಮೋಟಾರು ಕಾರು ಹುಟ್ಟುವುದಕ್ಕೂ ಮೊದಲು, 1868ರಲ್ಲಿ, ಲಂಡನ್ನಿನ ಸಂಸತ್ ಭವನದ ಹತ್ತಿರ. ಕುದುರೆಗಾಡಿಗಳ ದಟ್ಟಣೆಯಲ್ಲಿ ನಡೆದು ಹೋಗುವವರಿಗೆ ರಸ್ತೆ ದಾಟಲು ಎಡೆ ಸಿಗಲೆಂದು ರೈಲ್ವೆ ಎಂಜಿನಿಯರ್ ಜೆ.ಪಿ. ನೈಟ್ ಅದನ್ನು ರೂಪಿಸಿದರು. ಅನಿಲದಿಂದ ಉರಿಯುತ್ತಿದ್ದ ಆ ದೀಪ ಕೆಲವೇ ವಾರಗಳಲ್ಲಿ ಸಿಡಿದು, ಅದನ್ನು ನಡೆಸುತ್ತಿದ್ದ ಪೊಲೀಸ್ ಪೇದೆ ಗಾಯಗೊಂಡರು. ಸಿಗ್ನಲ್ ಹುಟ್ಟಿದ್ದೇ ನಡೆಯುವವರಿಗೂ ದಾರಿ ಮಾಡಿಕೊಡಲು ಎಂಬುದನ್ನು ನಾವು ಮರೆತಿದ್ದೇವೆ. ಈ ಬಿಳಿ ಪಟ್ಟೆಗಳದೂ ಇಂಥದೇ ಕಥೆ. ಬ್ರಿಟನ್ನಿನಲ್ಲಿ 1934ರಿಂದ ದಾಟುವ ಜಾಗವನ್ನು ರಸ್ತೆಬದಿಯ ಕಂಬಗಳ ಮೇಲಿನ ಕಿತ್ತಳೆ ಬಣ್ಣದ ಗೋಳಗಳಿಂದಲೂ ನೆಲಕ್ಕೆ ಹೊಡೆದ ಲೋಹದ ಮೊಳೆಗಳಿಂದಲೂ ಗುರುತಿಸುತ್ತಿದ್ದರು. ಮೊಳೆಗಳು ಚಾಲಕರ ಕಣ್ಣಿಗೆ ಬೀಳುತ್ತಿರಲಿಲ್ಲವಾದ್ದರಿಂದ 1951ರಲ್ಲಿ ಕಪ್ಪು ಬಿಳುಪು ಪಟ್ಟೆಗಳು ಬಂದವು. ದೂರದಿಂದ ಕಾಣಲೆಂದೇ ಬಂದ ಪಟ್ಟೆ ಮಾಸಿಹೋದ ಮೇಲೆ ಅದು ಯಾರಿಗೆ ಕಾಣಬೇಕು? ದೃಶ್ಯ ಬದಲಾಯಿತು, ಮುಂದೆ ಹೋಗೋಣ.

ಇದು ಮರುದಿನದ ಚಿತ್ರೀಕರಣ. ಫುಟ್‌ಪಾತಿನ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದಿದ್ದೇನೆ: ಸೊನ್ನೆ, 12 ಮೀಟರ್, 23 ಮೀಟರ್. ಸೊನ್ನೆಯ ಗೆರೆಯಲ್ಲಿ ಚಾಲಕನಿಗೆ ಪಾದಚಾರಿ ಕಾಣಿಸಿದ ಎಂದುಕೊಳ್ಳಿ. ಬ್ರಿಟನ್ನಿನ ಹೈವೇ ಕೋಡ್ ಕೊಡುವ ಅಳತೆಯಂತೆ, ಗಂಟೆಗೆ 32 ಕಿ.ಮೀ. ವೇಗದ ಕಾರು 12 ಮೀಟರಿನೊಳಗೆ ಪೂರ್ತಿ ನಿಲ್ಲುತ್ತದೆ; 48 ಕಿ.ಮೀ. ವೇಗದ ಕಾರಿಗೆ 23 ಮೀಟರ್ ಬೇಕು, ಅದರಲ್ಲಿ ಮೊದಲ 9 ಮೀಟರ್ ಚಾಲಕನ ಕಾಲು ಬ್ರೇಕ್ ಮುಟ್ಟುವ ಮೊದಲೇ ಕಳೆದುಹೋಗಿರುತ್ತದೆ. ಈಗ ದೊಡ್ಡಮ್ಮ 12ರ ಗೆರೆಯಲ್ಲಿ ನಿಂತಿದ್ದಾರೆ. ಮೊದಲ ಕಾರು ಅವರ ಮುಂದೆ ನಿಂತುಬಿಟ್ಟಿರುತ್ತದೆ. ಎರಡನೆಯದು ಅದೇ ಗೆರೆಗೆ ಬರುವಾಗ 3 ಮೀಟರ್ ಮಾತ್ರ ಬ್ರೇಕ್ ಹಿಡಿದಿರುತ್ತದೆ. ಲೆಕ್ಕ ಹಾಕಿದರೆ ಆಗಲೂ ಅದರ ವೇಗ 40 ಕಿ.ಮೀ.ಗಿಂತ ಹೆಚ್ಚು. ಸ್ಪೀಡೋಮೀಟರಿನಲ್ಲಿ 16ರ ವ್ಯತ್ಯಾಸ, ರಸ್ತೆಯ ಮೇಲೆ ಬದುಕು ಸಾವಿನ ವ್ಯತ್ಯಾಸ. ಕಾರಿನ ವೇಗ 50ರಿಂದ 65ಕ್ಕೆ ಏರಿದರೆ ಅದು ಬಡಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ ಜನ, ಅವರಲ್ಲಿ ಶೇ. 23 ಮಂದಿ ಪಾದಚಾರಿಗಳು. "ನೋಡಿಕೊಂಡು ದಾಟಬೇಕಿತ್ತು" ಎಂದು ಸತ್ತವರಿಗೆ ಬುದ್ಧಿ ಹೇಳುವವರು ಈ ಸೀಮೆಸುಣ್ಣದ ಗೆರೆಗಳ ನಡುವೆ ಒಮ್ಮೆ ನಿಂತು ನೋಡಬೇಕು.

ಈ ತುಣುಕನ್ನು ಗಮನವಿಟ್ಟು ನೋಡಿ, ನಿಧಾನಗತಿಯಲ್ಲಿ ಹಾಕಿದ್ದೇನೆ. ಬಸ್ಸಿನ ಚಾಲಕ ಒಳ್ಳೆಯ ಮನಸ್ಸಿನಿಂದ ನಿಲ್ಲಿಸಿ, ದಾಟಿ ಎಂದು ಕೈಸನ್ನೆ ಮಾಡುತ್ತಾರೆ. ಹುಡುಗಿ ಹೊರಡುತ್ತಾಳೆ. ಆ ಬಸ್ಸು ಈಗ ಒಂದು ಗೋಡೆ. ಅದರ ಆಚೆಯ ಪಥದಲ್ಲಿ ಬರುವವನಿಗೆ ಹುಡುಗಿ ಕಾಣಳು, ಹುಡುಗಿಗೆ ಅವನು ಕಾಣ. ಬಸ್ಸಿನ ಅಂಚಿಗೆ ಬಂದಾಗ ಅವಳು ನಿಂತು, ಕತ್ತು ಚಾಚಿ, ಮುಂದಿನ ಪಥವನ್ನು ಹೊಸದಾಗಿ ನೋಡಿದಳು. ಅವಳನ್ನು ಉಳಿಸಿದ್ದು ಅದೊಂದೇ. ಕೆಲವು ದೇಶಗಳಲ್ಲಿ ನಿಲುಗಡೆ ಗೆರೆಯನ್ನು ಪಟ್ಟೆಗಳಿಗಿಂತ 6ರಿಂದ 15 ಮೀಟರ್ ಹಿಂದೆಯೇ ಎಳೆಯುವುದು ಇದಕ್ಕಾಗಿಯೇ: ಮೊದಲ ವಾಹನ ದೂರದಲ್ಲಿ ನಿಂತರೆ ಅದರ ಮರೆ ಕಡಿಮೆಯಾಗುತ್ತದೆ. ಇನ್ನೊಂದು ಮಾತು, ಬೈಕನ್ನು ಎಂದೂ ದೂರವಿದೆ ಎಂದು ನಂಬಬೇಡಿ. ಒಂದೇ ದೂರದಲ್ಲಿ ಒಂದೇ ವೇಗದಲ್ಲಿ ಬರುವ ಬಸ್ಸಿಗಿಂತ ಬೈಕು ತಡವಾಗಿ ಬರುವಂತೆ ನಮ್ಮ ಕಣ್ಣಿಗೆ ತೋರುತ್ತದೆ, ಏಕೆಂದರೆ ಚಿಕ್ಕದಾದದ್ದನ್ನು ಕಣ್ಣು ದೂರದ್ದೆಂದು ತಿಳಿಯುತ್ತದೆ.

ಇದು ಪಾದಚಾರಿ ಮೇಲ್ಸೇತುವೆ. ಊರಿನ ನಡುವಿನ ರಸ್ತೆಗಳಿಗೆ ಇದು ನನಗೆ ಬೇಡ. ನೆಲದ ಮೇಲೆ 21 ಮೀಟರ್ ನಡೆಯಬೇಕಾದವರನ್ನು ಮಹಡಿ ಹತ್ತಿಸಿ ಇಳಿಸುವುದು, ಅದೂ ಮೊಣಕಾಲು ನೋವಿನವರನ್ನು, ರಸ್ತೆ ವಾಹನಗಳದ್ದು ಎಂದು ಒಪ್ಪಿಕೊಂಡ ಹಾಗೆ. ವೇಗದ ಹೆದ್ದಾರಿಗೆ ಅದು ಬೇಕೇ ಬೇಕು, ಅದನ್ನು ನಾನು ಒಪ್ಪುತ್ತೇನೆ. ಅಲ್ಲೂ ಲಿಫ್ಟ್ ಕೆಲಸ ಮಾಡುತ್ತಿರಬೇಕು.

ಕೌಂಟ್‌ಡೌನ್ ದೀಪದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿದೆ. 5, 4, 3 ಎಂಬ ಅಂಕಿ ಕಂಡರೆ ಜನ ಓಡುತ್ತಾರೆ, ಅದರಿಂದ ಅಪಾಯ ಹೆಚ್ಚು ಎಂದು ನಿನ್ನೆಯವರೆಗೂ ವಾದಿಸುತ್ತಿದ್ದೆ. ಈಗ ನೋಡುತ್ತಿರುವುದು ಎರಡು ಸಿಗ್ನಲ್ ಆಚೆಯ, ಅಷ್ಟೇ ಅಗಲದ ಇನ್ನೊಂದು ದಾಟು. ನಾವು ಬರುವಾಗ ದೀಪ ಹಸಿರಾಗಿಯೇ ಇತ್ತು, ಅಂಕಿ 11 ತೋರಿಸುತ್ತಿತ್ತು. ದೊಡ್ಡಮ್ಮ ಅದನ್ನು ಓದಿ, ಕೋಲನ್ನು ಫುಟ್‌ಪಾತಿನ ಮೇಲೆಯೇ ಊರಿ, "ಇದು ನಮ್ಮದಲ್ಲ, ಮುಂದಿನದ್ದು ನಮ್ಮದು" ಎಂದರು. ಅರ್ಧ ಮುಗಿದ ಹಸಿರಿಗೆ ಹೊರಡಬಾರದು, ಹೊಸ ಹಸಿರಿಗೇ ಕಾಯಬೇಕು ಎಂದು ಹೇಳಿಕೊಡಲು ನಾನು ಹುಡುಕುತ್ತಿದ್ದ ಮಾತನ್ನು ಆ ಅಂಕಿಯೇ ಅವರಿಗೆ ಹೇಳಿತ್ತು. ಕೌಂಟ್‌ಡೌನ್ ಎಲ್ಲ ಕಡೆ ಇರಲಿ.

ಈ ದಾಟಿನ ನಡುವೆ ಒಂದು ನಡುಗಡ್ಡೆಯಿದೆ: ಗಾಲಿಕುರ್ಚಿ ತಿರುಗಿಸುವಷ್ಟು ಅಗಲ, ಎರಡೂ ತುದಿಗೆ ಗಟ್ಟಿ ಕಂಬ, ಅಲ್ಲಿ ನಿಂತವರಿಗೆ ಒತ್ತಲು ಬೇರೆಯೇ ಗುಂಡಿ. ಆರು ಪಥಗಳ ಒಂದು ರಸ್ತೆ ಇಲ್ಲಿ ಮೂರು ಪಥಗಳ ಎರಡು ರಸ್ತೆಯಾಗುತ್ತದೆ, ಒಮ್ಮೆಗೆ ಒಂದೇ ಕಡೆಯಿಂದ ಬರುವ ವಾಹನಗಳನ್ನು ನೋಡಿದರೆ ಸಾಕು. ಪಾದಚಾರಿಗಳ ಹಸಿರು ಬಂದು ಕೆಲವು ಸೆಕೆಂಡುಗಳಾದ ಮೇಲೆಯೇ ತಿರುಗುವ ವಾಹನಗಳಿಗೆ ದಾರಿ ಬಿಡುತ್ತಾರೆ, ಹಾಗಾಗಿ ತಿರುವಿನ ಕಾರು ಬರುವಷ್ಟರಲ್ಲಿ ನಾವು ಆಗಲೇ ಚಾಲಕನ ಕಣ್ಣೆದುರು ಪಟ್ಟೆಗಳ ಮೇಲಿರುತ್ತೇವೆ. ಇದಕ್ಕೆಲ್ಲ ಬೇಕಾದದ್ದು ಕಾಂಕ್ರೀಟ್, ಬಣ್ಣ ಮತ್ತು ಟೈಮರಿನ ಒಂದು ಬದಲಾವಣೆ. ಮೊದಲ ಸಿಗ್ನಲ್ಲಿನ ಉಸ್ತುವಾರಿ ಇರುವ ಕಚೇರಿಗೆ ನಾನು ಮೂರು ಸಂಖ್ಯೆಗಳನ್ನು ಬರೆದು ಕೊಟ್ಟಿದ್ದೇನೆ: ರಸ್ತೆಯ ಅಗಲ 21 ಮೀಟರ್, ದೊಡ್ಡಮ್ಮನ ನಡಿಗೆ ಸೆಕೆಂಡಿಗೆ 0.7 ಮೀಟರ್, ಬೇಕಾದ ಸಮಯ 30 ಸೆಕೆಂಡು. ಉತ್ತರ ಬಂದಾಗ ಅದನ್ನೂ ಚಿತ್ರೀಕರಿಸಿ ತೋರಿಸುತ್ತೇನೆ.

ಹೊಸ ಹಸಿರು ಬಂತು. ಇಲ್ಲಿ ಅಂಚುಕಲ್ಲು ಇಳಿಜಾರಾಗಿದೆ, ದೊಡ್ಡಮ್ಮ ನಿಲ್ಲದೆ ಇಳಿದರು. ಅವರ ಕೋಲಿಗೆ ಹೊಸ ರಬ್ಬರ್ ತುದಿ ಹಾಕಿಸಿದ್ದೇವೆ, ಅದಕ್ಕೇ ಸದ್ದು ಕೇಳಿಸುತ್ತಿಲ್ಲ. ನಡುಗಡ್ಡೆಯಲ್ಲಿ ಒಂದು ನಿಮಿಷ ನಿಂತು ಸೆರಗು ಸರಿಮಾಡಿಕೊಂಡು, ಗುಂಡಿಯನ್ನು ಅವರೇ ಒತ್ತಿದರು. ಎರಡನೆಯ ಹಸಿರಿಗೆ ಹೊರಟು ಆಚೆಯ ಫುಟ್‌ಪಾತಿನ ಮೇಲೆ ಅವರ ಎರಡೂ ಕಾಲು ಬಂದಾಗ, ಕಂಬದ ಮೇಲೆ ಇನ್ನೂ 3 ಎಂದಿತ್ತು.