ವೈಫೈ ಫುಲ್ ಇದೆ, ನೆಟ್ ಮಾತ್ರ ಇಲ್ಲ!

ನಮಸ್ಕಾರ. ವೈಫೈ ಗುರುತು ಫುಲ್ ಇರುತ್ತದೆ, ಆದರೆ ಒಂದು ಪೇಜೂ ತೆರೆಯುವುದಿಲ್ಲ. ಎಲ್ಲರಿಗೂ ಆಗಿರುತ್ತದೆ, ಅಲ್ವಾ? ಆಗ ನಾವು ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ. ಎಷ್ಟೋ ಸಲ ಸರಿಹೋಗುತ್ತದೆ ಕೂಡ. ಆದರೆ ಕೆಟ್ಟಿದ್ದು ಏನು ಅಂತ ಗೊತ್ತಾಗುವುದೇ ಇಲ್ಲ.

ಇವತ್ತು ಅದನ್ನೇ ಹುಡುಕೋಣ. ಕಂಪ್ಯೂಟರಿನಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಹೊರಗೆ ಹೋಗೋಣ. ದಾರಿಯಲ್ಲಿ ಯಾವ ಪದ ಸಿಕ್ಕರೂ ಅಲ್ಲೇ ನಿಂತು ನೋಡೋಣ. ಐಪಿ, ಡಿಎನ್‌ಎಸ್, ನ್ಯಾಟ್ ಅಂತ ಸುಮ್ನೆ ಉರು ಹೊಡೆದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ.

ಮೊದಲು ಆ ವೈಫೈ ಗುರುತು. ನಿಮ್ಮ ಕಂಪ್ಯೂಟರಿಗೂ ರೂಟರಿಗೂ ನಡುವೆ ಸಿಗ್ನಲ್ ಚೆನ್ನಾಗಿದೆ, ಅದು ಹೇಳುವುದು ಇಷ್ಟೇ. ರೂಟರಿನ ಆಚೆ ಕೇಬಲ್ ಕಿತ್ತುಹೋಗಿದ್ದರೂ ಗುರುತು ಫುಲ್ಲೇ ಇರುತ್ತದೆ.

ಈಗ ಸ್ಕ್ರೀನ್ ನೋಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಅಂತ ಕೊಟ್ಟಿದ್ದೇನೆ. ಐಪಿವಿ4 ಅಡ್ರೆಸ್ 192.168.1.7 ಅಂತ ಬಂದಿದೆ. ಇದು ಈ ಲ್ಯಾಪ್‌ಟಾಪಿನ ವಿಳಾಸ. ಕೆಳಗಿನ ಡೀಫಾಲ್ಟ್ ಗೇಟ್‌ವೇ 192.168.1.1, ಅದು ರೂಟರ್. ಹೊರಗೆ ಹೋಗಬೇಕಾದದ್ದೆಲ್ಲ ಆ ಬಾಗಿಲಿನಿಂದಲೇ ಹೋಗಬೇಕು. ಈ ವಿಳಾಸವನ್ನು ನಾನು ಹಾಕಿದ್ದಲ್ಲ. ಲ್ಯಾಪ್‌ಟಾಪ್ ವೈಫೈಗೆ ಸೇರಿದ ಕೂಡಲೇ ರೂಟರ್ ಕೊಟ್ಟಿದ್ದು. ಹಾಗೆ ಕೊಡುವ ಏರ್ಪಾಡಿಗೆ ಡಿಎಚ್‌ಸಿಪಿ ಅನ್ನುತ್ತಾರೆ.

ಇಲ್ಲೇ ಒಂದು ಸುಳಿವಿದೆ. ವಿಳಾಸ 169.254 ಅಂತ ಶುರುವಾಗಿದ್ದರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ ಅಂತ ಅರ್ಥ. ಕೇಳಿ ಕೇಳಿ ಸಾಕಾಗಿ ಕಂಪ್ಯೂಟರ್ ತಾನೇ ಒಂದು ನಂಬರ್ ಹಾಕಿಕೊಂಡಿದೆ. ಅದನ್ನು ಇಟ್ಟುಕೊಂಡು ಇಂಟರ್ನೆಟ್‌ಗೆ ಹೋಗಲು ಆಗುವುದಿಲ್ಲ.

ನಿಮ್ಮ ಕಂಪ್ಯೂಟರಿನಲ್ಲೂ 192.168 ಅಂತಲೇ ಬಂದಿರಬಹುದು. ನನ್ನದೂ ಅದೇ, ನಿಮ್ಮದೂ ಅದೇ ಆದರೆ ಗೊಂದಲ ಆಗುವುದಿಲ್ಲವಾ? ಆಗುವುದಿಲ್ಲ, ಏಕೆಂದರೆ ಈ ನಂಬರುಗಳು ಒಳಗಿನ ಬಳಕೆಗೆ ಮಾತ್ರ. ಐಪಿವಿ4 ವಿಳಾಸ 32 ಬಿಟ್, ಅಂದರೆ 32 ಸೊನ್ನೆ-ಒಂದುಗಳ ಸಾಲು. ಎಲ್ಲ ಸೇರಿಸಿದರೂ ಸುಮಾರು 430 ಕೋಟಿ ನಂಬರ್, ಜಗತ್ತಿನ ಫೋನು, ಟಿವಿ, ಕ್ಯಾಮೆರಾಗಳಿಗೆ ಎಲ್ಲಿ ಸಾಕಾಗುತ್ತದೆ? ಇಡೀ ಜಗತ್ತಿಗೆ ಹಂಚಲು ಒಂದೇ ಕಡೆ ಇಟ್ಟಿದ್ದ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು.

ಅದಕ್ಕೇ ನ್ಯಾಟ್. ಇದು ನನಗೆ ತುಂಬಾ ಇಷ್ಟವಾದ ಭಾಗ. ಲ್ಯಾಪ್‌ಟಾಪ್ ಒಂದು ವೆಬ್‌ಸೈಟ್ ಕೇಳುತ್ತದೆ. ಅದು ಕಳಿಸುವ ಪ್ಯಾಕೆಟ್ ಮೇಲೆ, ಅಂದರೆ ಮಾಹಿತಿಯ ಸಣ್ಣ ಕಟ್ಟಿನ ಮೇಲೆ, '192.168.1.7, ಪೋರ್ಟ್ 51000' ಅಂತ ಇರುತ್ತದೆ. ಪೋರ್ಟ್ ಅಂದರೆ ಒಂದೇ ಯಂತ್ರದ ಒಳಗೆ ಯಾವ ಪ್ರೋಗ್ರಾಂಗೆ ಸೇರಬೇಕು ಅಂತ ಹೇಳುವ ನಂಬರ್. ರೂಟರ್ ಆ ವಿಳಾಸ ಅಳಿಸಿ, ತನ್ನ ಹೊರಗಿನ ವಿಳಾಸ ಹಾಕಿ, ಪೋರ್ಟ್ 40001 ಅಂತ ಬದಲಿಸಿ ಕಳಿಸುತ್ತದೆ. '40001 ಬಂದರೆ ಲ್ಯಾಪ್‌ಟಾಪಿನದು' ಅಂತ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದೇ ಹೊತ್ತಿಗೆ ಫೋನ್ ಕೂಡ ಏನೋ ಕೇಳಿದರೆ ಅದಕ್ಕೆ 40002. ಉತ್ತರ ಬಂದಾಗ ಪಟ್ಟಿ ನೋಡಿ ಆಯಾ ಯಂತ್ರಕ್ಕೆ ತಿರುಗಿಸುತ್ತದೆ. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ.

ಇದರ ಮೇಲೆ ಇನ್ನೊಂದು ನ್ಯಾಟ್ ಹಾಕುವ ಇಂಟರ್ನೆಟ್ ಕಂಪನಿಗಳೂ ಇವೆ, ಅದು ಸಿಜಿನ್ಯಾಟ್. ರೂಟರಿನ ವ್ಯಾನ್ ವಿಳಾಸ, ಅಂದರೆ ಹೊರಗಿನ ಕಡೆಯ ವಿಳಾಸ, 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಬಹುಪಾಲು ಅದೇ. ನೀವು ಹೊರಗಿದ್ದು ಮನೆಯ ಕ್ಯಾಮೆರಾಗೆ ನೇರವಾಗಿ ಕನೆಕ್ಟ್ ಆಗಲು ಹೋದಾಗ ಇದು ಕಾಡುತ್ತದೆ. ಐಪಿವಿ4ರ ನಂತರ ಬಂದ ಐಪಿವಿ6ನಲ್ಲಿ ವಿಳಾಸ 128 ಬಿಟ್. ಅಲ್ಲಿ ನಂಬರಿಗೆ ಬರವಿಲ್ಲ.

ಮುಂದಕ್ಕೆ ಹೋಗೋಣ. ಪಿಂಗ್ ಅಂದರೆ ಒಂದು ವಿಳಾಸಕ್ಕೆ 'ಇದ್ದೀಯಾ?' ಅಂತ ಕೇಳಿ ಉತ್ತರಕ್ಕೆ ಕಾಯುವ ಕಮಾಂಡ್. ಪಿಂಗ್ 192.168.1.1 ಅಂತ ಕೊಟ್ಟೆ, ಉತ್ತರ ಬಂತು. ಅಂದರೆ ರೂಟರ್‌ವರೆಗೆ ದಾರಿ ಸರಿಯಿದೆ. ಈಗ ಪಿಂಗ್ 8.8.8.8. ಇದು ಗೂಗಲ್ಲಿನ ಡಿಎನ್‌ಎಸ್ ಸರ್ವರ್. ಇದಕ್ಕೂ ಉತ್ತರ ಬಂತು, ಅಂದರೆ ಹೊರಗಿನ ಲೈನೂ ಸರಿಯಿದೆ. ಆದರೂ ಪೇಜ್ ತೆರೆಯುತ್ತಿಲ್ಲ. ಆಗ ಮೊದಲ ಅನುಮಾನ ಡಿಎನ್‌ಎಸ್ ಮೇಲೆ.

ನಾವು ಹೆಸರು ಟೈಪ್ ಮಾಡುತ್ತೇವೆ, ಯಂತ್ರಕ್ಕೆ ಬೇಕಾಗಿರುವುದು ನಂಬರ್. ಹೆಸರಿಗೆ ನಂಬರ್ ಹುಡುಕಿಕೊಡುವುದೇ ಡಿಎನ್‌ಎಸ್ ಕೆಲಸ. ಹಿಂದೆ ಇಂಟರ್ನೆಟ್‌ಗೂ ಮೊದಲಿನ ಜಾಲವಾದ ಆರ್ಪಾನೆಟ್ ಕಾಲದಲ್ಲಿ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿ ಇದ್ದವು, ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಜಾಸ್ತಿಯಾದಂತೆ ಅದು ನಡೆಯಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಈಗ ಹೆಸರುಗಳ ಲೆಕ್ಕ ಜಗತ್ತಿನ ತುಂಬ ಇರುವ ಸರ್ವರ್‌ಗಳಲ್ಲಿ ಹಂಚಿಹೋಗಿದೆ. ನಿಮ್ಮ ಡಿಎನ್‌ಎಸ್ ಕೈಕೊಟ್ಟರೆ ಸೆಟ್ಟಿಂಗ್ಸ್‌ನಲ್ಲಿ 8.8.8.8 ಅಥವಾ ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಹಾಕಿ ನೋಡಿ.

ಇನ್ನು ಸ್ಪೀಡ್. ಜಾಹೀರಾತಿನ 100 ಎಂಬಿಪಿಎಸ್ ಅಂದರೆ ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಡೌನ್‌ಲೋಡ್ ಸೆಕೆಂಡಿಗೆ 12.5 ಮೆಗಾಬೈಟ್ ದಾಟುವುದಿಲ್ಲ. ಅದಕ್ಕೆ ಯಾರನ್ನೂ ಬೈಯಬೇಡಿ.

ಲೇಟೆನ್ಸಿ, ಅಂದರೆ ಕೇಳಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ, ಬೇರೆ ವಿಷಯ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ 10,000 ಕಿಲೋಮೀಟರ್ ದೂರ ಇದ್ದರೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕೇ ಬೇಕು. ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಅದು ಇಳಿಯುವುದಿಲ್ಲ. ಆನ್‌ಲೈನ್ ಗೇಮ್ ಆಡುವವರು ಎಂಬಿಪಿಎಸ್‌ಗಿಂತ ಪಿಂಗ್ ನೋಡುವುದು ಇದಕ್ಕೇ.

ವಿಡಿಯೋ ಕಾಲ್‌ನಲ್ಲಿ ದನಿ ಕತ್ತರಿಸಿದರೆ ಪ್ಯಾಕೆಟ್ ಲಾಸ್ ನೋಡಿ, ಅಂದರೆ ಪ್ಯಾಕೆಟ್‌ಗಳು ದಾರಿಯಲ್ಲಿ ಕಳೆದುಹೋಗುತ್ತಿವೆಯಾ ಅಂತ. ಪ್ಯಾಕೆಟ್ ಕಳಿಸಲು ಟಿಸಿಪಿ, ಯುಡಿಪಿ ಅಂತ ಎರಡು ವಿಧಾನಗಳಿವೆ. ಫೈಲ್ ಡೌನ್‌ಲೋಡ್ ಸಾಮಾನ್ಯವಾಗಿ ಟಿಸಿಪಿ ಮೇಲೆ ನಡೆಯುತ್ತದೆ, ಕಳೆದುಹೋದ ಪ್ಯಾಕೆಟ್ಟನ್ನು ಅದು ಮತ್ತೆ ಕಳಿಸುತ್ತದೆ. ಕಾಲ್‌ಗಳು ಹೆಚ್ಚಾಗಿ ಯುಡಿಪಿ ಮೇಲೆ. ಕಳೆದುಹೋಗಿದ್ದನ್ನು ಅದು ತಾನಾಗಿ ಮತ್ತೆ ಕಳಿಸುವುದಿಲ್ಲ. ತಡವಾಗಿ ಬಂದ ಮಾತು ಯಾರಿಗೆ ಬೇಕು ಹೇಳಿ?

8.8.8.8ಗೆ ಪಿಂಗ್ ಅನ್ನು ಐದು ನಿಮಿಷ ಓಡಲು ಬಿಡಿ (ping -t 8.8.8.8). ನಡುನಡುವೆ ಉತ್ತರ ತಪ್ಪುತ್ತಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಮತ್ತೆ ನೋಡಿ. ಕೇಬಲ್‌ನಲ್ಲಿ ಸರಿಯಿದ್ದರೆ ತೊಂದರೆ ವೈಫೈಯದು, ರೂಟರಿನ ಜಾಗ ಬದಲಿಸಿ. ಕೇಬಲ್‌ನಲ್ಲೂ ತಪ್ಪುತ್ತಿದ್ದು, ಗೇಟ್‌ವೇಗೆ ಪಿಂಗ್ ಚೆನ್ನಾಗಿದ್ದರೆ ಆ ಎರಡೂ ಪಿಂಗ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ.