ಗಡುವಿನಿಂದ ಗಡುವಿಗೆ

ಕೇಳುಗರಿಗೆ ನಮಸ್ಕಾರ.

2022ರ ಫೆಬ್ರವರಿ ಕೊನೆಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ, ಅಲ್ಲಿನ ಖಾರ್ಕಿವ್‌, ಕೀವ್‌ಗಳಿಂದ ಗಡಿಯತ್ತ ಹೊರಟ ರೈಲುಗಳಲ್ಲಿ ನಮ್ಮ ಮಕ್ಕಳೂ ಇದ್ದರು. ವೈದ್ಯಕೀಯ ಓದಲು ಹೋಗಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಖಾರ್ಕಿವ್‌ನಲ್ಲೇ ಪ್ರಾಣ ಕಳೆದುಕೊಂಡ. ಉಳಿದವರು ವಿಮಾನ ಹತ್ತಿ ಊರು ಸೇರಿದರು. ಅದೇ ಬೋಗಿಗಳಲ್ಲಿ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಉಕ್ರೇನಿನ ತಾಯಂದಿರು ಪೋಲೆಂಡಿನ ನಿಲ್ದಾಣಗಳಲ್ಲಿ ಇಳಿದುಕೊಂಡರು. ಅವರಲ್ಲಿ ಬಹಳ ಮಂದಿ ಇನ್ನೂ ಹಿಂದಿರುಗಿಲ್ಲ.

ಯೂರೋಪು ಅಂದು ತೋರಿದ ಔದಾರ್ಯ ದೊಡ್ಡದು. ಯುದ್ಧ ಶುರುವಾಗಿ ಎಂಟು ದಿನಕ್ಕೆ, ಮಾರ್ಚ್ 4ರಂದು, ಯೂರೋಪಿಯನ್ ಒಕ್ಕೂಟ 'ತಾತ್ಕಾಲಿಕ ರಕ್ಷಣೆ' ಎಂಬ ನಿಯಮವನ್ನು ಜಾರಿಗೆ ತಂದಿತು. 1990ರ ದಶಕದ ಬಾಲ್ಕನ್ ಯುದ್ಧಗಳ ಅನುಭವದಿಂದ 2001ರಲ್ಲೇ ಬರೆದಿಟ್ಟಿದ್ದ ಈ ನಿಯಮವನ್ನು ಅಲ್ಲಿಯವರೆಗೆ ಒಮ್ಮೆಯೂ ಬಳಸಿರಲಿಲ್ಲ. ಆಶ್ರಯದ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿಲ್ಲ. ವಾಸಕ್ಕೆ, ಕೆಲಸಕ್ಕೆ, ಶಾಲೆಗೆ, ಚಿಕಿತ್ಸೆಗೆ ಕೂಡಲೇ ಹಕ್ಕು ಸಿಕ್ಕಿತು. ಇಂದು ಹೀಗೆ ನೆಲೆ ಪಡೆದವರು ನಲವತ್ತು ಲಕ್ಷಕ್ಕೂ ಹೆಚ್ಚು. ಅತಿ ಹೆಚ್ಚು ಜನ ಇರುವುದು ಜರ್ಮನಿಯಲ್ಲಿ, ನಂತರ ಪೋಲೆಂಡಿನಲ್ಲಿ.

ತೊಡಕಿರುವುದು 'ತಾತ್ಕಾಲಿಕ' ಎಂಬ ಆ ಒಂದು ಮಾತಿನಲ್ಲಿ. ಮೊದಲು ಒಂದು ವರ್ಷಕ್ಕೆಂದಿದ್ದ ಗಡುವು 2024 ಆಯಿತು, ಆಮೇಲೆ 2025, 2026, ಈಗ 2027ರ ಮಾರ್ಚ್ 4. ಮುಂದಿನ ವರ್ಷ ಇಲ್ಲಿರುತ್ತೇನೋ ಇಲ್ಲವೋ ಎನ್ನುವವರು ಯಾವ ಧೈರ್ಯದ ಮೇಲೆ ಹೊಸ ಬದುಕು ಕಟ್ಟಬೇಕು? ತನ್ನೂರಿನಲ್ಲಿ ನರ್ಸ್ ಆಗಿದ್ದವಳು ಜರ್ಮನಿಯಲ್ಲೂ ನರ್ಸ್ ಆಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು, ಹಳೆಯ ಪದವಿಗೆ ಮಾನ್ಯತೆ ಪಡೆಯಬೇಕು. ಅದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಬೇಕು. ಅಲ್ಲಿಯವರೆಗೆ ಹೊಟ್ಟೆಪಾಡಿಗೆಂದು ಹೋಟೆಲಿನ ಕೋಣೆ ಗುಡಿಸುವ ಕೆಲಸಕ್ಕೆ ಸೇರುತ್ತಾಳೆ, ಎಷ್ಟೋ ಸಲ ಅಲ್ಲೇ ಉಳಿದುಬಿಡುತ್ತಾಳೆ. ಇನ್ನೊಂದು ಅನ್ಯಾಯವೂ ಇದೆ. ಒಕ್ಕೂಟದಲ್ಲಿ ಐದು ವರ್ಷ ಕಾನೂನುಬದ್ಧವಾಗಿ ಬಾಳಿದ ಪರದೇಶದವರಿಗೆ ದೀರ್ಘಕಾಲದ ವಾಸದ ಹಕ್ಕು ಸಿಗಬಹುದು. ಆದರೆ ತಾತ್ಕಾಲಿಕ ರಕ್ಷಣೆಯಲ್ಲಿರುವವರು ಆ ಕಾಯಿದೆಯ ವ್ಯಾಪ್ತಿಗೇ ಬರುವುದಿಲ್ಲ. ದುಡಿದು, ತೆರಿಗೆ ಕಟ್ಟಿ ಕಳೆದ ವರ್ಷಗಳು ಲೆಕ್ಕಕ್ಕಿಲ್ಲ.

ಚೆಕ್ ದೇಶ ಈಗ ಐದು ವರ್ಷದ ಪ್ರತ್ಯೇಕ ಪರವಾನಗಿಯನ್ನು ಕೊಡಲು ಮುಂದಾಗಿದೆ. ಆದರೆ ಅದಕ್ಕೆ ವರ್ಷಕ್ಕೆ ಕನಿಷ್ಠ 4,40,000 ಕೊರುನಾ (ಅಲ್ಲಿನ ನಾಣ್ಯ) ಆದಾಯ ತೋರಿಸಬೇಕು. ಗಟ್ಟಿಮುಟ್ಟಾಗಿ ದುಡಿಯುವವರಿಗೆ ಅದು ದಕ್ಕೀತು. ಮೊಮ್ಮಕ್ಕಳ ಜೊತೆ ಬಂದ ಅಜ್ಜಿಗೆ?

ಇನ್ನು ಮಕ್ಕಳ ವಿಷಯ. ನನ್ನ ಮನಸ್ಸು ಹೆಚ್ಚಾಗಿ ತಡವರಿಸುವುದು ಇಲ್ಲೇ. ಎಷ್ಟೋ ಮಕ್ಕಳು ಬೆಳಿಗ್ಗೆ ಪೋಲಿಷ್ ಶಾಲೆಗೆ ಹೋಗಿ, ಸಂಜೆ ಫೋನಿನೆದುರು ಕೂತು ಉಕ್ರೇನಿನ ಆನ್‌ಲೈನ್ ಪಾಠ ಕೇಳುತ್ತಿದ್ದರು. ಇಂದಲ್ಲ ನಾಳೆ ಊರಿಗೆ ಹೋದಾಗ ಮಗು ಹಿಂದೆ ಬೀಳಬಾರದೆಂಬ ತಾಯಿಯ ಆಸೆ ಅದು. 2024ರ ಸೆಪ್ಟೆಂಬರಿನಿಂದ ಪೋಲೆಂಡ್ ತನ್ನ ಶಾಲೆಗೆ ಸೇರುವುದನ್ನು ಕಡ್ಡಾಯ ಮಾಡಿತು. ಸರಿಯಾದ ಹೆಜ್ಜೆಯೇ. ಮಕ್ಕಳಿಗೆ ಓರಗೆಯವರ ಜೊತೆ ಆಡುವ ಅಂಗಳ ಬೇಕು. ಆದರೂ ಮಗು ಪೋಲಿಷ್‌ನಲ್ಲೇ ಕನವರಿಸತೊಡಗಿದರೆ ತಾಯಿಯ ಕರುಳಿಗೆ ಹೇಗಾದೀತು, ಯೋಚಿಸಿ.

ಹಿಂದೊಮ್ಮೆ ಹೀಗೇ ಆಗಿತ್ತು. ಬಾಲ್ಕನ್ ಯುದ್ಧದಿಂದ ಓಡಿಬಂದ ಬೋಸ್ನಿಯಾದ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಜರ್ಮನಿ ಆಶ್ರಯ ಕೊಟ್ಟಿತ್ತು. 1995ರಲ್ಲಿ ಆ ಯುದ್ಧ ನಿಲ್ಲಿಸಿದ ಡೇಟನ್ ಒಪ್ಪಂದವಾಗುತ್ತಲೇ ಹಿಂದಿರುಗಿ ಎಂದಿತು. ಹೆಚ್ಚಿನವರು ಹೊರಟರು. ಎಷ್ಟೋ ಜನರಿಗೆ ತಮ್ಮ ಸ್ವಂತ ಊರಿಗೆ ಹೋಗುವಂತಿರಲಿಲ್ಲ. ಅಲ್ಲಿ ಅವರನ್ನು ಓಡಿಸಿದವರದೇ ಆಳ್ವಿಕೆ ನಡೆದಿತ್ತು. ಯುದ್ಧದಲ್ಲಿ ನೆಲಸಮವಾಗಿ ರಷ್ಯಾದ ವಶವಾದ ಮರಿಯುಪೋಲಿನವರಿಗೆ, ಬಖ್ಮುತಿನವರಿಗೆ ಇಂದು ಹೋಗಿ ಎಂದರೆ ಅವರು ಎಲ್ಲಿಗೆ ಹೋಗಬೇಕು?

ಉಕ್ರೇನಿನ ಸಂಕಟವೂ ನಿಜ. ಊರು ಮತ್ತೆ ಕಟ್ಟಲು ಅದಕ್ಕೆ ತನ್ನ ಜನ ಬೇಕು. ಅದಕ್ಕೆಂದೇ 2025ರಲ್ಲಿ ಬೇರೆ ದೇಶದ ಪೌರತ್ವದ ಜೊತೆಗೆ ತನ್ನದನ್ನೂ ಉಳಿಸಿಕೊಳ್ಳಲು ದಾರಿ ಮಾಡುವ ಕಾನೂನು ತಂದಿತು. ಆಶ್ರಯ ಕೊಟ್ಟ ದೇಶಗಳು ಇದರ ಜೊತೆ ಹೆಜ್ಜೆ ಹಾಕಬೇಕು. ಉಳಿಯಲು ಭದ್ರವಾದ ಹಕ್ಕಿರುವವರು ಊರಿಗೊಮ್ಮೆ ಹೋಗಿ, ಮನೆ ರಿಪೇರಿಯಾಗುತ್ತದೆಯೇ, ಶಾಲೆ ನಡೆಯುತ್ತಿದೆಯೇ ಎಂದು ನೋಡಿ ಬರಬಲ್ಲರು. ಆ ಹಕ್ಕಿಲ್ಲದವರು, ಒಮ್ಮೆ ಹೋದರೆ ಮತ್ತೆ ಒಳಗೆ ಬಿಡುವರೋ ಇಲ್ಲವೋ ಎಂದು ಅಂಜಿ ಇದ್ದಲ್ಲೇ ಇರುತ್ತಾರೆ.

ಅಂದು ಆರು ವರ್ಷದವಳಾಗಿ ಗಡಿ ದಾಟಿದ ಹುಡುಗಿಗೆ ಈಗಿನ ಗಡುವು ಮುಗಿಯುವ ದಿನ ಹನ್ನೊಂದು ತುಂಬಿರುತ್ತದೆ. ಅಕ್ಷರ ಕಲಿತದ್ದು, ಹಲ್ಲು ಬಿದ್ದು ಬಂದದ್ದು, ಗೆಳತಿಯರಾದದ್ದು ಎಲ್ಲ ಆಶ್ರಯ ಸಿಕ್ಕ ಆ ನೆಲದಲ್ಲೇ.

ನಮಸ್ಕಾರ.